ಕಂಬಳಿಯೊಳಗಿನ ಮೇಲ್

ನಮ್ಮ ಊರಿನಲ್ಲಿ ಮನೆ ಬಾಡಿಗೆಗೆ ಕೇಳಲು ಬಂದವರು ನೀರು, ಗಾಳಿಯ ವಿಚಾರವನ್ನು ಆಮೇಲೆ ಎತ್ತುತ್ತಾರೆ. ಮೊದಲು ಕೇಳುವುದು, ಎಷ್ಟು ಕೋಣೆ ಇನ್ನೂ ಮನೆಯಾಗಿ ಉಳಿದಿದೆ ಎಂದು. ನಮ್ಮದರಲ್ಲಿ ಜಗುಲಿ ಹೋಗಿತ್ತು. ನಡುಮನೆಯಲ್ಲಿ ಕ್ಯಾಲೆಂಡರ್ ತೂಗುಹಾಕಿದ್ದ ಮೂಲೆಯೂ ಹೋಗಿತ್ತು. ಮಿಕ್ಕ ನಡುಮನೆ ಮತ್ತು ಅಡುಗೆಮನೆ ಮನೆಯಾಗಿಯೇ ಇದ್ದವು. ಅಷ್ಟನ್ನಾದರೂ ಉಳಿಸಿಕೊಂಡಿದ್ದಕ್ಕೆ ಬೀದಿಯವರು ನನ್ನನ್ನು ಜಾಣೆ ಎನ್ನುತ್ತಿದ್ದರು. ನಾನೂ ಹೌದೆಂದೇ ತಿಳಿದುಕೊಂಡಿದ್ದೆ.

ನಾನು ಮನವಿಗಳ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನೀರು ಬರಲಿಲ್ಲ, ಪಿಂಚಣಿ ಬರಲಿಲ್ಲ, ಎಮ್ಮೆ ಕಳೆದಿದೆ, ಅಳಿಯ ಮಾತು ಕೇಳುತ್ತಿಲ್ಲ ಎಂದು ಊರವರು ಏನೇನೋ ಬರೆದು ಕಳಿಸುತ್ತಾರೆ. ನಾನು ಎಲ್ಲರಿಗೂ, ನಿಮ್ಮ ಮನವಿ ಪರಿಶೀಲನೆಯಲ್ಲಿದೆ ಎಂದು ಉತ್ತರ ಬರೆಯುತ್ತೇನೆ. ಮೊದಲು ಈ ಮೇಲ್‌ಗಳೆಲ್ಲ ಆಫೀಸಿನಲ್ಲೇ ಇರುತ್ತಿದ್ದವು. ಸಂಜೆ ಗೇಟಿಗೆ ಬೀಗ ಬಿದ್ದ ಮೇಲೆ ಅವುಗಳ ಗೊಡವೆ ಯಾರಿಗೂ ಇರಲಿಲ್ಲ. ಒಂದು ದಿನ ನಮ್ಮ ಸಾಹೇಬರು ಚಿದಾನಂದಯ್ಯನವರು ಎಲ್ಲರನ್ನೂ ಕರೆದು, ಇನ್ನು ಮುಂದೆ ಮನೆಯಿಂದಲೂ ಮೇಲ್ ನೋಡುವ ಸೌಲಭ್ಯ ಬಂದಿದೆ ಎಂದು ಹೇಳಿ ಬೂಂದಿ ಲಾಡು ಹಂಚಿದರು. ಜೊತೆಗೆ ಒಬ್ಬೊಬ್ಬರಿಗೂ ಒಂದು ಲ್ಯಾಪ್‌ಟಾಪ್, ಒಂದು ಪಾಸ್‌ವರ್ಡ್. ನಾನು ನನ್ನ ಲಾಡನ್ನೂ ಪಕ್ಕದವಳ ಲಾಡನ್ನೂ ತಿಂದೆ. ಸ್ವಲ್ಪ ದಿನಕ್ಕೆ ಸುತ್ತೋಲೆ ಬಂತು. ಸೌಲಭ್ಯವನ್ನು ಬಳಸದವರು ಕಾರಣ ತಿಳಿಸತಕ್ಕದ್ದು.

ಆಗ ಬೆಳಕಿನ ವಿಚಾರ ಯಾರಿಗೂ ಗೊತ್ತಿರಲಿಲ್ಲ. ನಾನು ತಂಗಾಳಿಗೆ ಜಗುಲಿಯ ಮೇಲೆ ಕೂತು ಮೇಲ್ ತೆರೆದೆ. ಮಾರನೆಯ ದಿನದಿಂದ ಜಗುಲಿಗೆ ಬಂದು ಕೂತವರು ಹರಟೆ ಬಿಟ್ಟು ಸುಮ್ಮನೆ ಸಾಲಾಗಿ ಕೂರತೊಡಗಿದರು. ಹಾಲಿನವಳು ಪಾತ್ರೆ ಹಿಡಿದುಕೊಂಡು, "ನನ್ ಸರದಿ ಯಾವಾಗ ಮೇಡಮ್?" ಎಂದಳು. ಹಿಂದಿನ ದಿನದವರೆಗೂ ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು. ಪರದೆಯ ಬೆಳಕು ಎಲ್ಲಿಯವರೆಗೆ ಬೀಳುತ್ತದೋ ಅಲ್ಲಿಯವರೆಗೆ ಆಫೀಸಿಗೆ ಸೇರುತ್ತದೆ ಎಂದು ಊರಿಗೆ ತಿಳಿಯುವಷ್ಟರಲ್ಲಿ ಎಷ್ಟೋ ಮನೆಗಳು ಪೂರ್ತಿ ಹೋಗಿದ್ದವು. ಬೆಳಕು ಬಿದ್ದ ಒಲೆಯಲ್ಲಿ ಅನ್ನ ಬೇಯುವುದಿಲ್ಲ, ಬಿದ್ದ ಹಾಸಿಗೆಯಲ್ಲಿ ನಿದ್ದೆ ಹತ್ತುವುದಿಲ್ಲ. ಮನೆ ಯಾಕೆ ಹಾಳುಮಾಡಿಕೊಳ್ಳಬೇಕೆಂದು ಕೆಲವರು ಕೆರೆ ಏರಿಯ ಮೇಲೆ ಹೋಗಿ ಮೇಲ್ ನೋಡಿದರು. ಈಗ ಭಾನುವಾರ ಅಲ್ಲಿ ಗಾಳಿಗೂ ರಜೆ, ಬೀಸುವುದಿಲ್ಲ. ಅದಾದ ಮೇಲೆ, ಯಾರೂ ಬಯಲಲ್ಲಿ ಮೇಲ್ ತೆರೆಯಕೂಡದು, ಏನಿದ್ದರೂ ಅವರವರ ಮನೆಯೊಳಗೇ ಆಗಲಿ ಎಂದು ಊರಿನವರೆಲ್ಲ ಸೇರಿ ಕಟ್ಟು ಮಾಡಿದರು.

ಹಾಗಾಗಿ ಕಂಬಳಿ ಬಂತು. ಊರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಯಾವ ಮನೆಗೆ ಹೋದರೂ ಯಾರಾದರೊಬ್ಬರು ಮೂಲೆಯಲ್ಲಿ ದಪ್ಪ ಕಂಬಳಿ ಮುಸುಕು ಹಾಕಿಕೊಂಡು ಗುಡ್ಡೆಯಂತೆ ಕೂತಿರುತ್ತಾರೆ. ಒಳಗಿನಿಂದ ಕೆಮ್ಮು ಕೇಳುತ್ತದೆ. ಮನೆಯವರು ಅವರನ್ನು ಬಳಸಿಕೊಂಡು ಓಡಾಡುತ್ತಾರೆ, ಮಕ್ಕಳು ದೂರ ನಿಂತು ಮಗ್ಗಿ ಒಪ್ಪಿಸುತ್ತಾರೆ. ಅಂಗಡಿಯಲ್ಲಿ ಮೇಲ್ ಕಂಬಳಿ ಎಂದು ಕೇಳಿದರೆ ಬೇರೆಯೇ ಕಂಬಳಿ ಕೊಡುತ್ತಾರೆ, ಸೂಜಿಮೊನೆಯಷ್ಟು ಬೆಳಕೂ ದಾಟದಂಥದು. ಅದನ್ನು ಆಮೇಲೆ ಹೊದ್ದುಕೊಳ್ಳಲು ಬರುವುದಿಲ್ಲ. ಎಷ್ಟು ಸುತ್ತಿಕೊಂಡರೂ ಚಳಿ ಬಿಡುವುದಿಲ್ಲ.

ನಮ್ಮ ಮನೆಯಲ್ಲಿ ಇದ್ದವರು ನಾನು ಮತ್ತು ಅಪ್ಪ. ಅಪ್ಪ ದೇವರಾಜಪ್ಪ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವರು. ಅವ್ವ ನಾನು ಚಿಕ್ಕವಳಿದ್ದಾಗಲೇ ಹೋದಳು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡೇ ಮೆರವಣಿಗೆಗಳಲ್ಲಿ ನುಡಿಸುತ್ತಿದ್ದರಂತೆ. ನಾನು ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ಅಪ್ಪ, "ಊರೋರ ಮದುವೇಲೆಲ್ಲ ಊದಿ ಊದಿ ನನ್ ಉಸಿರು ಮುಗಿದೋಯ್ತು, ಅದಕ್ಕೆ ನನ್ ಮಗಳು ಬ್ಯಾಡ ಅಂದವ್ಳೆ" ಎಂದು ನಗಿಸಿ ಕಳಿಸುತ್ತಿದ್ದರು. ನನ್ನ ಹೆಸರು ಕುಮುದ. ಆಫೀಸಿನಲ್ಲಿ ಮೇಡಮ್, ಬೀದಿಯಲ್ಲಿ ಕುಮುದಮ್ಮ. ಕುಮ್ಮಿ ಎಂದು ಕರೆಯುವವರು ಈ ಭೂಮಿಯ ಮೇಲೆ ಅವರೊಬ್ಬರೇ ಉಳಿದಿದ್ದರು.

ಕಂಬಳಿ ಬರುವ ಮೊದಲು ನಾನು ಮೇಲ್ ನೋಡಿದ್ದರಿಂದ ಕ್ಯಾಲೆಂಡರ್ ಮೂಲೆ ಆಫೀಸಾದದ್ದು ಅಪ್ಪನಿಗೆ ದೊಡ್ಡ ತಮಾಷೆಯಾಗಿತ್ತು. ಅಲ್ಲಿ ನಿಂತಷ್ಟು ಹೊತ್ತು ಮನೆಯವರಿಗೆ ನನ್ನನ್ನು ಮೇಡಮ್ ಎಂದಲ್ಲದೆ ಬೇರೆ ಏನೆಂದೂ ಕರೆಯಲು ಬಾಯಿ ಬರುವುದಿಲ್ಲ. ಅಪ್ಪ ಬೇಕೆಂದೇ ಮೂಲೆಯೊಳಗೆ ಒಂದು ಹೆಜ್ಜೆ ಇಟ್ಟು, "ಮೇಡಮ್, ಕಾಫಿ ಆಗಿದ್ದರೆ ಮಂಜೂರು ಮಾಡಿ" ಎನ್ನುತ್ತಿದ್ದರು. ಹೊರಗೆ ಜಿಗಿದು, "ಕುಮ್ಮಿ, ಸಕ್ಕರೆ ಜಾಸ್ತಿ ಹಾಕವ್ವ" ಎನ್ನುತ್ತಿದ್ದರು. ಒಳಗೆ ಹೋದಾಗ ಮುಖ ಗಂಭೀರ, ಹೊರಗೆ ಬಂದಾಗ ಬಾಯಿ ತುಂಬ ನಗು. ನನಗೆ ಆ ಆಟ ನೋಡಿದರೆ ಮೈ ಉರಿಯುತ್ತಿತ್ತು. ಸಾಕು ಮಾಡಿ ಎಂದು ರೇಗಿದರೆ ಇನ್ನೂ ಒಂದು ಸಲ ಜಿಗಿಯುತ್ತಿದ್ದರು.

ಜಾಗದ ಮೇಲೆ ಬೆಳಕು ಬಿದ್ದರೆ ಹೀಗೆ, ಅದರಿಂದ ಈಚೆ ಬಂದರೆ ಮುಗಿಯಿತು. ಮನುಷ್ಯನ ಮೇಲೆ ಬಿದ್ದರೆ ಈಚೆ ಬರುವುದಕ್ಕೆ ಇಲ್ಲ. ಮೇಲ್ ತೆರೆದವರಿಗೆ ಏನೂ ಆಗುವುದಿಲ್ಲ, ನಾವು ಮೊದಲೇ ಆಫೀಸಿನವರು. ಆಗುವುದು ಮನೆಯವರಿಗೆ. ನಮ್ಮ ಹಿಂದಿನ ಮನೆಯ ತುಂಗಮ್ಮ ನನ್ನ ಆಫೀಸಿನಲ್ಲೇ ಇರುವವಳು. ಅವಳು ಮೇಲ್ ನೋಡುತ್ತಿದ್ದಾಗ ಗಂಡ ಮಜ್ಜಿಗೆ ತಂದು ಕಂಬಳಿಯ ಸಂದಿಯಿಂದ ಲೋಟ ಒಳಗಿಡಲು ಬಗ್ಗಿದ. ಅಂದಿನಿಂದ ಅವಳು ಒಳಗೆ ಬಂದರೆ ಅವನು ಎದ್ದು ನಿಲ್ಲುತ್ತಾನೆ, ಊಟಕ್ಕೆ ಕರೆದರೆ, "ಇಲ್ಲೇ ಹೊರಗಡೆ ಕಾಯ್ತೀನಿ ಮೇಡಮ್" ಎನ್ನುತ್ತಾನೆ. ಔಷಧಿ, ಹರಕೆ, ಎಲ್ಲ ಮುಗಿಸಿಯಾಗಿದೆ. "ಇರಲಿ ಬಿಡು ಕುಮುದಾ, ಕಟ್ಟಿಕೊಂಡ ಮೇಲೆ ಮೊದಲನೇ ಸಲ ಆ ಮನುಷ್ಯ ನನ್ ಮಾತು ಕೇಳ್ತಾ ಇರೋದು" ಎಂದು ತುಂಗಮ್ಮ ನಗುತ್ತಿದ್ದಳು. ಒಂದು ದಿನ ನಲ್ಲಿಯ ಹತ್ತಿರ ಕೊಡ ತುಂಬಿ ಹರಿಯುತ್ತಿದ್ದರೂ ಎತ್ತದೆ ನಿಂತು ಅತ್ತಳು. ನಾನು ಕೊಡ ಎತ್ತಿಕೊಟ್ಟೆ.

ಇದನ್ನೆಲ್ಲ ಕಂಡ ಮೇಲೆ ನಾನು ಅಪ್ಪನಿಗೆ ಕಟ್ಟುನಿಟ್ಟು ಮಾಡಿದೆ. ಮೇಲ್ ಹೊತ್ತಿನಲ್ಲಿ ಅಡುಗೆಮನೆ ಬಾಗಿಲು ದಾಟಕೂಡದು. ನಾನು ಒಳಗೆ ಒಲೆಯಿಂದ ದೂರ ಮಣೆ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಮುಸುಕು ಹಾಕಿಕೊಳ್ಳುತ್ತಿದ್ದೆ. ಅಪ್ಪ ನಡುಮನೆಯಲ್ಲಿ ಕೂತು ಕ್ಲಾರಿನೆಟ್ ನುಡಿಸುತ್ತಿದ್ದರು. ನನಗೆ ಬೇಜಾರಾಗದಿರಲಿ ಎಂದು ಶುರು ಮಾಡಿದ್ದು, ಆಮೇಲೆ ಅದೇ ನಮ್ಮ ಗಡಿಯಾರವಾಯಿತು. ಎರಡು ಹಾಡಿನಲ್ಲಿ ಮುಗಿಯುವ ಮೇಲ್, ಐದು ಹಾಡಿನ ಮೇಲ್ ಎಂದು ನಾವು ಲೆಕ್ಕ ಹಾಕುತ್ತಿದ್ದೆವು. ಹೆಣ್ಣು ಒಪ್ಪಿಸುವ ಹಾಡಿಗೆ ಬಂದರೆಂದರೆ ನಾನು ಲ್ಯಾಪ್‌ಟಾಪ್ ಮುಚ್ಚಿ ಕಂಬಳಿ ತೆಗೆಯಬೇಕು, ಇಬ್ಬರೂ ಊಟಕ್ಕೆ ಕೂರಬೇಕು. ಬೆವರು ಒರೆಸಿಕೊಂಡು ಹೊರಗೆ ಬಂದ ನನ್ನನ್ನು ನೋಡಿ ಅವರು, "ಗಂಡನ ಮನೆಯಿಂದ ಬಂದ್ಯಾ ಕೂಸೇ" ಎನ್ನುತ್ತಿದ್ದರು. ದಿನವೂ ಅದೇ ಮಾತು, ನನಗೆ ದಿನವೂ ನಗು ಬರುತ್ತಿತ್ತು.

"ಆ ಬೆಳಕು ನನ್ ಮ್ಯಾಲೆ ಬಿದ್ರೆ ನೋಡು" ಎಂದು ಒಮ್ಮೆ ಊಟ ಮಾಡುತ್ತಾ ಹೇಳಿದರು. "ನಿಮ್ ಸಾಹೇಬನಿಗಿಂತ ದೊಡ್ಡ ಸಾಹೇಬ ಆಗ್ತೀನಿ. ನಿಂಗೆ ವರ್ಷ ಪೂರ್ತಿ ರಜಾ ಬರೆದುಕೊಡ್ತೀನಿ."

"ಬಾಯಿ ಮುಚ್ಕೊಂಡು ಉಣ್ಣಿ" ಎಂದೆ.

ಈ ವರ್ಷದ ಬೇಸಿಗೆ ಕೆಟ್ಟದಾಗಿತ್ತು. ಕಂಬಳಿಯೊಳಗೆ ಕೂತರೆ ಬೆನ್ನ ಮೇಲೆ ನೀರು ಹರಿಯುತ್ತಿತ್ತು, ಉಸಿರಿಗೆ ಉಣ್ಣೆಯ ವಾಸನೆ ಅಂಟುತ್ತಿತ್ತು. ಆ ದಿನ ಮಧ್ಯಾಹ್ನ ನಾನು ಸರಿಯಾಗಿ ಉಂಡಿರಲಿಲ್ಲ. ಸಂಜೆ ಮೇಲ್ ತೆರೆದರೆ ಸಾಹೇಬರದೇ ಇತ್ತು. ಎರಡನೇ ಮಹಡಿಯ ಕಪಾಟಿನ ಬೀಗದ ಕೈ ಕಾಣುತ್ತಿಲ್ಲ, ಎಲ್ಲರೂ ತಮಗೆ ತಿಳಿದಿರುವುದನ್ನು ಇಂದೇ ತಿಳಿಸತಕ್ಕದ್ದು. ಒಬ್ಬರು ತಮ್ಮ ಬಳಿ ಇಲ್ಲವೆಂದು ಎಲ್ಲರಿಗೂ ಬರೆದರು. ಇನ್ನೊಬ್ಬರು ತಾವು ಎರಡನೇ ಮಹಡಿಗೆ ಹೋಗುವುದೇ ಇಲ್ಲವೆಂದು ಎಲ್ಲರಿಗೂ ಬರೆದರು. ಹಾಗಾದರೆ ಹೋದವರು ಯಾರು ಎಂದು ಮೂರನೆಯವರು ಕೇಳಿದರು. ನಾನು ಓದುತ್ತಾ ಇದ್ದೆ, ಇನ್ನೊಂದು ಬರುತ್ತಾ ಇತ್ತು. ಹೊರಗೆ ಹೆಣ್ಣು ಒಪ್ಪಿಸುವ ಹಾಡು ಶುರುವಾದದ್ದು ಕೇಳಿಸಿತು. ಅದು ಮುಗಿಯುವುದರೊಳಗೆ, ನನ್ನ ಬಳಿ ಇಲ್ಲ ಎಂದು ಒಂದು ಸಾಲು ಬರೆದುಬಿಡೋಣವೆಂದು ಕೈ ಇಟ್ಟೆ. ಅಕ್ಷರಗಳು ಹಿಗ್ಗಿದವು, ಕುಗ್ಗಿದವು. ಆಮೇಲಿನದು ನನಗೆ ಗೊತ್ತಿಲ್ಲ.

ಮಿಕ್ಕಿದ್ದನ್ನು ಹೇಳಿದವಳು ತುಂಗಮ್ಮ. ಅವಳು ಕರಿಬೇವು ಕೇಳಲು ನಮ್ಮ ಹಿತ್ತಿಲ ಬಾಗಿಲಿಗೆ ಬಂದಿದ್ದಳು. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು, ಪಕ್ಕದ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಹಾಡು ಮುಗಿಯಿತು. ನಾನು ಏಳಲಿಲ್ಲ. ಅಪ್ಪ ಅದನ್ನೇ ಮತ್ತೆ ಮೊದಲಿನಿಂದ ನುಡಿಸಿದರು. ಅದೂ ಮುಗಿದ ಮೇಲೆ ಹೊಸ್ತಿಲ ಆಚೆ ನಿಂತು ಕರೆದರು. ಕಂಬಳಿ ಪಕ್ಕಕ್ಕೆ ವಾಲಿತು, ಅದರೊಳಗೆ ನಾನು ಬಿದ್ದೆ.

"ತಡೀರಿ ಅಣ್ಣ" ಎಂದು ತುಂಗಮ್ಮ ಕಿಟಕಿಯಿಂದ ಕೂಗಿದಳಂತೆ. "ನೀವು ಮುಟ್ಟಬೇಡಿ. ನಾನು ಆಫೀಸಿನೋಳು, ನಂಗೇನೂ ಆಗಲ್ಲ. ಚಿಲಕ ತೆಗೀರಿ ಸಾಕು, ನಾನ್ ಎಳೀತೀನಿ ಕಂಬಳೀನ."

ಚಿಲಕ ಇದ್ದದ್ದು ಅಡುಗೆಮನೆಯ ಆ ಕೊನೆಗೆ. ಹಳೆಯ ಚಿಲಕ, ಎರಡು ಕೈಯಲ್ಲಿ ಅಲುಗಾಡಿಸಿದರೆ ಮಾತ್ರ ಬರುವಂಥದು. ಅಪ್ಪ ಅದರ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು. "ಅಷ್ಟೊತ್ತು ತಡೆಯಕ್ಕಾಗಲ್ಲ ತಾಯಿ, ಮಗಳಿಗೆ ಉಸಿರು ಕಟ್ಟೈತೆ" ಎಂದರು. ಒಂದು ಕೈಯಲ್ಲಿ ತಮ್ಮ ಕಣ್ಣು ಮುಚ್ಚಿಕೊಂಡರು, ಅದರಿಂದ ಏನಾದರೂ ಉಳಿಯಬಹುದು ಎಂದುಕೊಂಡರೋ ಏನೋ. ಇನ್ನೊಂದು ಕೈಯಲ್ಲಿ ಕಂಬಳಿ ಎಳೆದರು. ಬೆಳಕು ಅವರ ಮುಖ, ಎದೆ, ಕೈ ಎಲ್ಲದರ ಮೇಲೂ ಬಿತ್ತು. "ಕುಮ್ಮಿ, ಏಳು ಕೂಸೇ, ಏಳು" ಎನ್ನುತ್ತಲೇ ಎಳೆದರಂತೆ. ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡವರು ಅಷ್ಟರಲ್ಲೇ ಅದನ್ನು ಮೆಲ್ಲಗೆ ನೆಲದ ಮೇಲೆ ಇಳಿಸಿ ದೂರ ಸರಿದು ಕೂತರಂತೆ.

ನನಗೆ ಎಚ್ಚರವಾದಾಗ ಮುಖದ ಮೇಲೆ ತಣ್ಣೀರು ಇತ್ತು. ಅಪ್ಪ ಚೊಂಬು ಹಿಡಿದುಕೊಂಡು ನಿಂತಿದ್ದರು. ಮೊದಲು ನನಗೆ ಬಂದದ್ದು ಸಿಟ್ಟು, ಒಳಗೆ ಯಾಕೆ ಬಂದಿರಿ ಎಂದು ಬಯ್ಯಲು ಬಾಯಿ ತೆರೆದೆ. ಅವರು ಚೊಂಬನ್ನು ಎರಡು ಕೈಯಲ್ಲಿ ಮುಂದಕ್ಕೆ ಹಿಡಿದು, "ನೀರು ತಗೊಳ್ಳಿ ಮೇಡಮ್. ಸುಸ್ತಾಗಿದ್ದೀರಿ" ಎಂದರು. ನಾನು ಅವರ ಕಾಲ ಕೆಳಗೆ ನೋಡಿದೆ. ಅವರು ನಿಂತಿದ್ದದ್ದು ಒಲೆಯ ಪಕ್ಕದಲ್ಲಿ, ಬೆಳಕು ಯಾವತ್ತೂ ಬೀಳದ ಕಡೆ. ನಾನು ಅವರ ತೋಳು ಹಿಡಿದು ನಡುಮನೆಗೆ ಎಳೆದುಕೊಂಡು ಹೋದೆ, ಹಿತ್ತಿಲಿಗೆ ಎಳೆದುಕೊಂಡು ಹೋದೆ, ಬೀದಿಗೆ ಎಳೆದುಕೊಂಡು ಹೋದೆ. ಎಲ್ಲಿ ನಿಲ್ಲಿಸಿದರೂ ಮುಖ ಹಾಗೇ ಇತ್ತು. "ಎಲ್ಲಿ ಸಹಿ ಮಾಡಬೇಕು ಮೇಡಮ್?" ಎಂದು ಕೇಳಿದರು.

ಸಾಹೇಬರಾಗಲಿಲ್ಲ ನಮ್ಮಪ್ಪ. ಅರ್ಜಿ ಹಿಡಿದು ಬಂದವರಾದರು.

ಮಾರನೆಯ ದಿನ ನಾನು ಆಫೀಸಿಗೆ ಹೋಗಿ ಸಾಹೇಬರ ಮುಂದೆ ಅತ್ತೆ. ಚಿದಾನಂದಯ್ಯನವರು ಕೆಟ್ಟವರಲ್ಲ, ಅವರ ಮನೆಯಲ್ಲಿ ಹೆಂಡತಿಯೂ ಮಗನೂ ಅವರನ್ನು ಸಾರ್ ಎಂದೇ ಕರೆಯುತ್ತಾರೆ. ಕುರ್ಚಿಯಿಂದ ಎದ್ದು ನನಗೆ ನೀರು ಕೊಟ್ಟರು. "ಇದಕ್ಕೇನಾದರೂ ಇದೆಯಾ ಸಾರ್?" ಎಂದೆ.

"ಒಂದು ಮೇಲ್ ಹಾಕಿ ಕುಮುದಾ ಅವರೇ" ಎಂದರು. "ಮೇಲ್ ಇಲ್ಲದೆ ನಾನೇನು ಮಾಡೋಕಾಗುತ್ತೆ."

ಹಾಕಿದೆ. ನನ್ನ ತಂದೆಯವರನ್ನು ನನಗೆ ಮರಳಿಸಬೇಕಾಗಿ ಕೋರುತ್ತೇನೆ ಎಂದು ಬರೆದೆ. ಆ ಮನವಿ ಎಲ್ಲೆಲ್ಲಿಗೆ ಹೋಗಬೇಕೋ ಹೋಗಿ ಸಂಜೆಯೊಳಗೆ ನನ್ನ ಮೇಜಿಗೇ ಬಂತು. ನಮ್ಮ ಕಚೇರಿಯಲ್ಲಿ ಮನವಿಗಳಿಗೆ ಉತ್ತರ ಬರೆಯುವವಳು ನಾನೇ. ಏನು ಬರೆಯಬೇಕೆಂದು ನನಗೆ ಗೊತ್ತಿತ್ತು, ಬರೆದೆ. ಅದೇ ಹೊತ್ತಿಗೆ ಇನ್ನೊಂದು ಮೇಲ್ ಎಲ್ಲರಿಗೂ ಬಂದಿತ್ತು. ಕಪಾಟಿನ ಬೀಗದ ಕೈ ಸಾಹೇಬರ ಡ್ರಾಯರಿನಲ್ಲೇ ಸಿಕ್ಕಿದೆ, ಸಹಕರಿಸಿದ ಎಲ್ಲರಿಗೂ ಧನ್ಯವಾದ. ಓದಿ ಜೋರಾಗಿ ನಕ್ಕೆ. ಪಕ್ಕದವಳು ಹೆದರಿ ನನ್ನ ಬೆನ್ನು ಸವರಿದಳು.

ಈಗ ಅಪ್ಪ ಜಗುಲಿಯ ಮೇಲೆ ಇರುತ್ತಾರೆ. ಒಳಗೆ ಬನ್ನಿ ಎಂದು ಎಷ್ಟು ಕರೆದರೂ, "ಪರವಾಗಿಲ್ಲ ಮೇಡಮ್, ಇಲ್ಲೇ ಸರಿ" ಎನ್ನುತ್ತಾರೆ. ದೂರದೂರಿನಿಂದ ಬಂದು ಕಚೇರಿಯ ಮುಂದೆ ಕಾಯುವವರ ಹಾಗೆ ಟವೆಲು ಹಾಸಿ ಮಲಗುತ್ತಾರೆ, ಚಪ್ಪಲಿ ತಲೆಯ ಕೆಳಗೆ ಇಟ್ಟುಕೊಳ್ಳುತ್ತಾರೆ. ತಟ್ಟೆ ಕೊಟ್ಟರೆ ಉಣ್ಣುತ್ತಾರೆ, ತೊಳೆದು ಬಾಗಿಲ ಪಕ್ಕ ಬೋರಲು ಹಾಕುತ್ತಾರೆ. ಒಂದು ದಿನ ಅವರ ಮುಂದೆ ಕ್ಲಾರಿನೆಟ್ ಇಟ್ಟೆ. ಎತ್ತಿ ತಿರುಗಿಸಿ ನೋಡಿದರು, ಬೆರಳುಗಳು ತಾವಾಗಿಯೇ ತೂತುಗಳ ಮೇಲೆ ಕೂತವು. ಅವರು ಅದನ್ನು ಟವೆಲಿನಲ್ಲಿ ಒರೆಸಿ ನನ್ನ ಕೈಗೇ ಕೊಟ್ಟರು. "ಯಾರೋ ಬಿಟ್ಟು ಹೋಗಿದ್ದಾರೆ ಮೇಡಮ್. ಒಳ್ಳೇ ಸಾಮಾನು. ಅವರು ಬಂದು ಕೇಳಿದರೆ ಕೊಡಿ" ಎಂದರು. ಅವತ್ತು ನಾನು ಒಲೆ ಹಚ್ಚಲಿಲ್ಲ. ಬದುಕಬೇಕೆಂದೂ ಅನ್ನಿಸಲಿಲ್ಲ.

ಕಂಬಳಿಯನ್ನು ತುಂಗಮ್ಮನಿಗೆ ಕೊಟ್ಟುಬಿಟ್ಟೆ. ಈಗ ನಡುಮನೆಯ ಮಧ್ಯದಲ್ಲೇ, ಫ್ಯಾನಿನ ಕೆಳಗೆ, ಮುಸುಕಿಲ್ಲದೆ ಮೇಲ್ ತೆರೆಯುತ್ತೇನೆ. ಬೆಳಕು ಗೋಡೆಗೆ ಬೀಳಲಿ, ಮಂಚಕ್ಕೆ ಬೀಳಲಿ, ಅವ್ವನ ಫೋಟೋಕ್ಕೆ ಬೀಳಲಿ. ಮನೆಯಾಗಿ ಉಳಿಸಿಕೊಂಡು ಯಾರಿಗೆ ಬೇಕಾಗಿದೆ? ಬಾಗಿಲು ಹಾದು ಒಲೆಯ ಮೇಲೂ ಬಿದ್ದಾಯಿತು, ಅನ್ನವನ್ನು ತುಂಗಮ್ಮ ಕಳಿಸುತ್ತಾಳೆ. ಬೀದಿಯವರು ಈಗ ನನ್ನನ್ನು ಜಾಣೆ ಎನ್ನುವುದಿಲ್ಲ, ಪಾಪ ಎನ್ನುತ್ತಾರೆ.

ಮೊದಲು ಕ್ಲಾರಿನೆಟ್ ನುಡಿಸುತ್ತಿದ್ದ ಆ ಹೊತ್ತಿಗೆ ಮಾತ್ರ ಅಪ್ಪ ಜಗುಲಿಯಿಂದ ಎದ್ದು ಬರುತ್ತಾರೆ. ಅಂಗಿಯ ಗುಂಡಿ ಹಾಕಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲಿ ನಿಂತು ಕೆಮ್ಮುತ್ತಾರೆ. ನಾನು ಬನ್ನಿ ಎಂದರೆ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ಮೊದಲನೇ ದಿನ ಹೀಗೆ ಬಂದಾಗ ಏನು ಬೇಕಿತ್ತು ಎಂದು ಕೇಳಿದೆ.

"ನನ್ನ ಮಗಳದ್ದು ಮೇಡಮ್. ಒಳಗಡೆ ಮೇಲ್ ನೋಡ್ತಾ ಕೂತಿದ್ದಳು. ಹಾಡು ಮುಗಿದು ಎಷ್ಟೋ ಹೊತ್ತಾಯಿತು, ಇನ್ನೂ ಈಚೆಗೆ ಬಂದಿಲ್ಲ. ಊಟ ಆರಿ ಹೋಗುತ್ತೆ. ಸ್ವಲ್ಪ ವಿಚಾರಿಸ್ತೀರಾ?"

ನಾನೇ ಅಪ್ಪಾ, ನಾನೇ, ನೋಡಿ ಎಂದು ಅವರ ಕೈಯನ್ನು ತಂದು ನನ್ನ ಕೆನ್ನೆಗೆ ಒತ್ತಿಕೊಂಡೆ. ಅವರಿಗೆ ನಾಚಿಕೆಯಾಯಿತು. ಕೈ ಬಿಡಿಸಿಕೊಂಡು, "ತಪ್ಪು ತಿಳೀಬೇಡಿ ಮೇಡಮ್, ನಾಳೆ ಬರ್ತೀನಿ" ಎಂದು ಎದ್ದು ಹೋದರು. ಆ ರಾತ್ರಿ ಊಟ ಮುಟ್ಟಲಿಲ್ಲ. ಅದಾದ ಮೇಲೆ ನಾನು ಆ ತಪ್ಪು ಮಾಡಿಲ್ಲ. ದಿನವೂ ಬರುತ್ತಾರೆ, ದಿನವೂ ಅದನ್ನೇ ಕೇಳುತ್ತಾರೆ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ಉತ್ತರ ಕೊಡುತ್ತೇನೆ.

"ನಿಮ್ಮ ಮನವಿ ಪರಿಶೀಲನೆಯಲ್ಲಿದೆ."

"ಒಳ್ಳೇದು ಮೇಡಮ್. ಬೇಗ ಆಗುತ್ತಾ?"

"ವಿಚಾರಿಸ್ತಾ ಇದ್ದೀವಿ. ಮಗಳ ಹೆಸರು ಏನಂದ್ರಿ?"

"ಕುಮುದ ಮೇಡಮ್."

ಅಲ್ಲಿಗೆ ನನ್ನ ಕೆಲಸ ಮುಗಿಯಬೇಕು, ಆಫೀಸಿನಲ್ಲಾದರೆ ಇನ್ನು ಹೊರಡಿ ಎನ್ನುತ್ತೇವೆ. ನಾನು ಹೊರಡಿ ಎನ್ನುವುದಿಲ್ಲ. ಲ್ಯಾಪ್‌ಟಾಪ್ ಕಡೆ ತಿರುಗಿ ಏನೋ ಬರೆದುಕೊಳ್ಳುವವಳ ಹಾಗೆ ಕೈಯಾಡಿಸುತ್ತೇನೆ, ಅವರಿಗೆ ನನ್ನ ಮುಖ ಕಾಣದಿರಲಿ ಎಂದು.

"ಮನೆಯಲ್ಲಿ ಏನಂತ ಕರೀತೀರಿ?"

"ಕುಮ್ಮಿ ಅಂತೀವಿ ಮೇಡಮ್."

"ಸರಿಯಾಗಿ ಕೇಳಿಸಲಿಲ್ಲ" ಎನ್ನುತ್ತೇನೆ. "ಇನ್ನೊಂದು ಸಲ ಹೇಳಿ."